ಒಂದೇ ಪ್ರಶ್ನೆ, ನಾಲ್ಕು ಅರ್ಜಿಗಳು: ಜೀವವೈದ್ಯಕೀಯ ಸಂಶೋಧನೆಯ ಸರ್ಕಾರಿ ಅನುದಾನಗಳ ಹೋಲಿಕೆ

ಕೊಳಕುಮಂಡಲ ಕಚ್ಚಿದವರಲ್ಲಿ ಯಾರ ಮೂತ್ರಪಿಂಡಗಳು ಕೈಕೊಡುತ್ತವೆ ಎಂಬುದನ್ನು ಅವರು ಆಸ್ಪತ್ರೆಗೆ ಬಂದ ಮೊದಲ ಕೆಲವು ಗಂಟೆಗಳಲ್ಲೇ ತಿಳಿಯಲು ಸಾಧ್ಯವೇ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ನಾನು ನಾಲ್ಕು ಸರ್ಕಾರಿ ಅನುದಾನಗಳ ಬಾಗಿಲು ತಟ್ಟಿದ್ದೇನೆ. ಎರಡು ಕಡೆ ಹಣ ಸಿಕ್ಕಿತು, ಎರಡು ಕಡೆ ಸಿಗಲಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ವಾರ್ಡ್ ನೋಡಿಕೊಳ್ಳುತ್ತ ಸಂಶೋಧನೆಗೆ ಸಮಯ ಹೊಂದಿಸಿಕೊಳ್ಳುವ ನನ್ನಂಥವರಿಗೆ ಈ ಅನುದಾನಗಳು ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಮೊತ್ತವಷ್ಟೇ ಬೇರೆ ಎಂದುಕೊಂಡು ದೊಡ್ಡ ಮೊತ್ತದ ಕರೆಗೇ ಅರ್ಜಿ ಹಾಕುತ್ತೇವೆ. ನಿಜವಾದ ವ್ಯತ್ಯಾಸ ಇರುವುದು ನಮ್ಮ ಪ್ರಸ್ತಾವನೆಯನ್ನು ಯಾರು ಓದುತ್ತಾರೆ, ಅವರು ಅದರಲ್ಲಿ ಏನನ್ನು ಹುಡುಕುತ್ತಾರೆ ಮತ್ತು ಮಂಜೂರಾದ ಹಣ ಯಾವಾಗ ಕೈಗೆ ಬರುತ್ತದೆ ಎಂಬುದರಲ್ಲಿ.

ಹೋಲಿಕೆ ಅರ್ಥವಾಗಲು ಪ್ರಶ್ನೆಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಹಾವು ಕಚ್ಚಿದವರು ಬಂದ ಕೂಡಲೇ ನಾವು ಶುಭ್ರವಾದ, ಒಣಗಿದ ಗಾಜಿನ ಕೊಳವೆಯಲ್ಲಿ ಎರಡು ಮಿಲಿಲೀಟರ್ ರಕ್ತವನ್ನು ಇಟ್ಟು, ಇಪ್ಪತ್ತು ನಿಮಿಷ ಅಲುಗಾಡಿಸದೆ ಬಿಟ್ಟು, ಆಮೇಲೆ ಕೊಳವೆಯನ್ನು ಓರೆ ಮಾಡಿ ನೋಡುತ್ತೇವೆ. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ, ಪ್ರತಿವಿಷ ಶುರುವಾಗುತ್ತದೆ. ಆದರೆ ಇದೇ ಫಲಿತಾಂಶ ಬಂದ ಇಬ್ಬರು ರೋಗಿಗಳಲ್ಲಿ ಒಬ್ಬರು ನಾಲ್ಕು ದಿನಕ್ಕೆ ಮನೆಗೆ ಹೋಗುತ್ತಾರೆ, ಇನ್ನೊಬ್ಬರು ಡಯಾಲಿಸಿಸ್‌ಗೆ ಹೋಗುತ್ತಾರೆ. ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತಿದ್ದಾರೆ ಎಂಬುದು ಪ್ರಕಟಿತ ಅಂದಾಜು. ಸಾಯದೆ ಉಳಿದು ಮೂತ್ರಪಿಂಡ ಕಳೆದುಕೊಂಡವರು ಆ ಅಂಕಿಯಲ್ಲಿ ಸೇರಿಲ್ಲ.

ಮೊದಲ ಹಣ ಬಂದದ್ದು ವಿಶ್ವವಿದ್ಯಾಲಯದಿಂದ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ಸಂಯೋಜಿತ ಕಾಲೇಜುಗಳ ಅಧ್ಯಾಪಕರಿಗೆ ಸಂಶೋಧನಾ ಅನುದಾನ ಕೊಡುತ್ತದೆ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವಿಷನ್ ಗ್ರೂಪ್ ಕೂಡ ಯುವ ವಿಜ್ಞಾನಿಗಳಿಗೆ ಬೀಜಧನ ನೀಡುತ್ತದೆ. ಇವು ದೊಡ್ಡ ಮೊತ್ತಗಳಲ್ಲ. ಆದರೂ ನಲವತ್ತು ರೋಗಿಗಳ ಮಾದರಿಗಳನ್ನು ಮೈನಸ್ ಎಂಬತ್ತು ಡಿಗ್ರಿಯಲ್ಲಿ ಜೋಪಾನ ಮಾಡಿಡಲು, ಎರಡು ಬಗೆಯ ಪರೀಕ್ಷಾ ಕಿಟ್ ಕೊಳ್ಳಲು ಆ ಹಣ ಸಾಕಾಯಿತು. ಮುಂದಿನ ಎಲ್ಲ ಅರ್ಜಿಗಳಲ್ಲೂ ಪ್ರಾಥಮಿಕ ದತ್ತಾಂಶ ಎಂಬ ಅಂಕಣದಲ್ಲಿ ನಾನು ಬರೆದದ್ದು ಈ ನಲವತ್ತು ಜನರ ಬಗ್ಗೆಯೇ.

ಎರಡನೆಯದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್. 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಹುಟ್ಟಿ 1949ರಲ್ಲಿ ಇಂದಿನ ಹೆಸರು ಪಡೆದ ಈ ಮಂಡಳಿ ತನ್ನದೇ ಸಂಸ್ಥೆಗಳನ್ನು ನಡೆಸುವುದರ ಜೊತೆಗೆ ಹೊರಗಿನ ಕಾಲೇಜುಗಳಿಗೂ ಎಕ್ಸ್‌ಟ್ರಾಮ್ಯೂರಲ್ ಅನುದಾನ ಕೊಡುತ್ತದೆ. ಈಚಿನ ವರ್ಷಗಳ ವ್ಯವಸ್ಥೆಯಲ್ಲಿ ಎರಡು ಕೋಟಿ ರೂಪಾಯಿವರೆಗಿನ ಸಣ್ಣ ಅನುದಾನ ಒಂದು ಬಗೆ, ಅದಕ್ಕೂ ಮೇಲೆ ಎಂಟು ಕೋಟಿವರೆಗಿನ ಮಧ್ಯಮ ಅನುದಾನ ಇನ್ನೊಂದು ಬಗೆ. ನನ್ನ ಮೊದಲ ಅರ್ಜಿ ಪರಿಕಲ್ಪನಾ ಟಿಪ್ಪಣಿಯ ಹಂತದಲ್ಲೇ ನಿಂತಿತು, ಮತ್ತು ಅದನ್ನು ಇಂದು ಓದಿದರೆ ಏಕೆ ನಿಂತಿತೆಂಬುದು ನನಗೆ ಸ್ಪಷ್ಟವಾಗಿದೆ. ವಿಷದ ಪ್ರೋಟೀನುಗಳ ಬಗ್ಗೆ ಎರಡು ಪುಟ ತುಂಬಿಸಿದ್ದ ನಾನು, ಇದರಿಂದ ತಾಲೂಕು ಆಸ್ಪತ್ರೆಯ ವೈದ್ಯರು ನಾಳೆ ಬೆಳಿಗ್ಗೆ ಏನನ್ನು ಬೇರೆ ರೀತಿ ಮಾಡುತ್ತಾರೆ ಎಂಬುದಕ್ಕೆ ಒಂದು ಸಾಲನ್ನೂ ಬರೆದಿರಲಿಲ್ಲ.

ಎರಡನೇ ಬಾರಿ ಟಿಪ್ಪಣಿಯನ್ನು ತಿರುಗಿಸಿ ಬರೆದೆ. ಮೂರು ಆಸ್ಪತ್ರೆಗಳು, ಬಂದ ಕೂಡಲೇ ತೆಗೆದ ಮೂತ್ರದ ಮಾದರಿ, ಕಚ್ಚಿದ ಹೊತ್ತಿನಿಂದ ಪ್ರತಿವಿಷ ಸಿಕ್ಕಿದ ಹೊತ್ತಿನವರೆಗಿನ ಅಂತರ, ಮೂರು ತಿಂಗಳ ಬಳಿಕ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ ಎಂಬ ಅಂತಿಮ ಅಳತೆ: ಇವನ್ನು ಮೊದಲಿಗಿಟ್ಟು, ಪ್ರೋಟೀನುಗಳ ಮಾತನ್ನು ಒಂದು ಪ್ಯಾರಾಕ್ಕೆ ಇಳಿಸಿದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದೂ, ಮರುತಿಂಗಳು ಕೇಂದ್ರವು 2030ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಹೊರತಂದದ್ದೂ ನನ್ನ ವಾದಕ್ಕೆ ಬಲ ಕೊಟ್ಟವು. ಪೂರ್ಣ ಪ್ರಸ್ತಾವನೆಗೆ ಕರೆ ಬಂತು. ಅಲ್ಲಿ ಕೇಳಿದ ಪ್ರಶ್ನೆಗಳೆಲ್ಲ ಮಾದರಿ ಗಾತ್ರ, ಅರ್ಧದಲ್ಲೇ ಬಿಟ್ಟುಹೋಗುವ ರೋಗಿಗಳು ಮತ್ತು ಒಪ್ಪಿಗೆ ಪತ್ರದ ಭಾಷೆಯನ್ನು ಕುರಿತವು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಮೊದಲೇ ಬರೆದು, ಓದಲು ಬಾರದವರಿಗೆ ಸಾಕ್ಷಿಯ ಮುಂದೆ ಓದಿಹೇಳುವ ಕ್ರಮವನ್ನು ಸೇರಿಸಿದ್ದು ಹಣ ಮಂಜೂರಾಗಲು ನನಗೆ ನೆರವಾಯಿತು ಎಂದು ಈಗಲೂ ನಂಬಿದ್ದೇನೆ.

ಜೈವಿಕ ತಂತ್ರಜ್ಞಾನ ಇಲಾಖೆಗೆ, ಅಂದರೆ ಡಿಬಿಟಿಗೆ, ಕಳಿಸಿದ ಅರ್ಜಿಯ ಸ್ವರೂಪವೇ ಬೇರೆ. 1986ರಲ್ಲಿ ಸ್ಥಾಪನೆಯಾದ ಈ ಇಲಾಖೆ ಸಾಮಾನ್ಯವಾಗಿ ನಿರ್ದಿಷ್ಟ ವಿಷಯಗಳ ಮೇಲೆ ಕರೆ ಹೊರಡಿಸುತ್ತದೆ. ನಮ್ಮ ಪ್ರಶ್ನೆ ಆ ಕರೆಯ ಚೌಕಟ್ಟಿಗೆ ಸಹಜವಾಗಿ ಕೂರದಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಪ್ರಯೋಜನ ಕಡಿಮೆ. ಐಸಿಎಂಆರ್‌ನಲ್ಲಿ ನಾನು ಮೊದಲ ಬಾರಿ ಹೆಚ್ಚು ಹೇಳಿದ್ದ ವಿಷಯವನ್ನೇ ಇಲ್ಲಿ ಮುಂದಿಟ್ಟೆ: ಮೂತ್ರಪಿಂಡದ ಜೀವಕೋಶಗಳ ಮೇಲೆ ಕೊಳಕುಮಂಡಲದ ವಿಷದಲ್ಲಿರುವ ಕಿಣ್ವಗಳಾದ ಫಾಸ್ಫೋಲಿಪೇಸ್ ಮತ್ತು ಮೆಟಲೋಪ್ರೋಟಿನೇಸ್‌ಗಳ ಪರಿಣಾಮ. ಪ್ರಶ್ನೆ ಸರಿಯಿತ್ತು, ಸಿದ್ಧತೆ ಸಾಲದಾಗಿತ್ತು. ವಿಷ ಎಲ್ಲಿಂದ ತರುತ್ತೀರಿ ಎಂಬುದಕ್ಕೆ ನನ್ನಲ್ಲಿ ಗಟ್ಟಿ ಉತ್ತರವಿರಲಿಲ್ಲ. ದೇಶದ ಪ್ರತಿವಿಷ ತಯಾರಿಕೆಗೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನ, ಹಾವು ಹಿಡಿಯುವ ಇರುಳ ಸಮುದಾಯದ ಸಹಕಾರ ಸಂಘದಿಂದ ಬರುತ್ತದೆ. ನಮ್ಮ ಭಾಗದ ಹಾವುಗಳ ವಿಷ ಅದಕ್ಕಿಂತ ಭಿನ್ನವಾಗಿರಬಹುದೆಂಬುದೇ ನನ್ನ ವಾದವಾಗಿದ್ದುದರಿಂದ, ಇಲ್ಲಿನ ಹಾವುಗಳಿಂದಲೇ ವಿಷ ತೆಗೆಯಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇಕಿತ್ತು. ಆ ಅನುಮತಿಗೆ ಅರ್ಜಿಯನ್ನೇ ಹಾಕದೆ ಪ್ರಸ್ತಾವನೆ ಕಳಿಸಿದ್ದೆ. ಪ್ರಯೋಗಾಲಯದ ಬಲವಿರುವ ಸಂಸ್ಥೆಯೊಂದನ್ನು ಸಹಭಾಗಿಯನ್ನಾಗಿ ಮಾಡಿಕೊಂಡು, ಕೋಶ ಸಂವರ್ಧನೆಯ ಕೆಲಸವನ್ನು ಅವರಿಗೆ ಒಪ್ಪಿಸಿ, ರೋಗಿಗಳ ಮಾದರಿಯನ್ನು ನಾನು ಒದಗಿಸುವ ಬಗೆಯಲ್ಲಿ ಬರೆದಿದ್ದರೆ ವೈದ್ಯಕೀಯ ಕಾಲೇಜಿಗೂ ಡಿಬಿಟಿ ಒಳ್ಳೆಯ ದಾರಿಯೇ ಆಗುತ್ತಿತ್ತು.

ನಾಲ್ಕನೆಯದು ಬೈರಾಕ್‌ನ ಬಿಗ್ (ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್) ಅನುದಾನ, ಮತ್ತು ನಾನು ಅತ್ಯಂತ ಹೆಚ್ಚು ಕಲಿತದ್ದು ಇಲ್ಲಿಯೇ. ಡಿಬಿಟಿ 2012ರಲ್ಲಿ ಕಟ್ಟಿದ ಈ ಸಾರ್ವಜನಿಕ ಸಂಸ್ಥೆ ಉತ್ಪನ್ನವಾಗಬಲ್ಲ ಆಲೋಚನೆಗಳಿಗೆ ಹದಿನೆಂಟು ತಿಂಗಳ ಅವಧಿಗೆ ಐವತ್ತು ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಕರೆ, ಜನವರಿಯಲ್ಲೊಂದು, ಜುಲೈಯಲ್ಲೊಂದು. ಬೆಂಗಳೂರಿನ ಸಿ-ಕ್ಯಾಂಪ್, ಹೈದರಾಬಾದಿನ ಐಕೆಪಿ, ಪುಣೆಯ ವೆಂಚರ್ ಸೆಂಟರ್‌ನಂಥ ಸಹಭಾಗಿ ಸಂಸ್ಥೆಗಳು ಅರ್ಜಿದಾರರ ಜೊತೆ ನಿಂತು ದಾರಿ ತೋರಿಸುತ್ತವೆ. ಇಷ್ಟು ಹತ್ತಿರದ ಮಾರ್ಗದರ್ಶನ ಬೇರೆ ಯಾವ ಅನುದಾನದಲ್ಲೂ ನನಗೆ ಕಂಡಿಲ್ಲ. ಅನುದಾನದಿಂದ ಹುಟ್ಟಿದ ಬೌದ್ಧಿಕ ಹಕ್ಕು ಸಂಶೋಧಕರ ಬಳಿಯೇ ಉಳಿಯುತ್ತದೆ. ನಾನು ಮುಂದಿಟ್ಟದ್ದು ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಕೊಳಕುಮಂಡಲದ ವಿಷವಿದೆಯೇ ಎಂದು ಹೇಳುವ ಪರೀಕ್ಷಾ ಪಟ್ಟಿಯನ್ನು (ಸ್ಟ್ರಿಪ್). ಗರ್ಭ ಪರೀಕ್ಷೆಯ ಪಟ್ಟಿಯ ತಂತ್ರವೇ, ಪ್ರತಿಕಾಯ ಮಾತ್ರ ಬೇರೆ.

ಕೊನೆಯ ಸುತ್ತಿನವರೆಗೆ ಹೋದೆ. ಅಲ್ಲಿ ತಜ್ಞರೊಬ್ಬರು, ಗಾಜಿನ ಕೊಳವೆಗೆ ಖರ್ಚೇ ಇಲ್ಲದಿರುವಾಗ ನಿಮ್ಮ ಪಟ್ಟಿಯನ್ನು ಯಾರು ಕೊಳ್ಳುತ್ತಾರೆ, ಅದಕ್ಕೆ ಹಣ ಕೊಡುವವರು ಯಾರು ಎಂದು ಕೇಳಿದರು. ಇಪ್ಪತ್ತು ನಿಮಿಷ ಉಳಿಯುತ್ತದೆ ಎಂದೆ. ಆ ಇಪ್ಪತ್ತು ನಿಮಿಷದಿಂದ ಚಿಕಿತ್ಸೆಯ ಫಲ ಬದಲಾಗುತ್ತದೆಂಬುದಕ್ಕೆ ಪುರಾವೆ ಇದೆಯೇ ಎಂದು ಅವರು ಮತ್ತೆ ಕೇಳಿದರು. ನನ್ನಲ್ಲಿ ಇರಲಿಲ್ಲ. ಎರಡೂ ನ್ಯಾಯವಾದ ಪ್ರಶ್ನೆಗಳು. ಆ ಪುರಾವೆಯನ್ನು ಕಲೆಹಾಕಬೇಕಾದದ್ದು ಐಸಿಎಂಆರ್ ಬಗೆಯ ಆಸ್ಪತ್ರೆ ಅಧ್ಯಯನ; ಅದು ಮುಗಿಯುವ ಮೊದಲೇ ನಾನು ಉತ್ಪನ್ನದ ಬಾಗಿಲಿಗೆ ಹೋಗಿದ್ದೆ. ಇದರಲ್ಲಿ ತಪ್ಪಿದ್ದು ಆಯ್ಕೆಯಲ್ಲ, ಅನುಕ್ರಮ.

ನಾನು ಸ್ವತಃ ಅರ್ಜಿ ಹಾಕದ, ಆದರೆ ಕಿರಿಯ ಸಹೋದ್ಯೋಗಿಯ ಪಕ್ಕದಲ್ಲಿ ಕುಳಿತು ಕರಡು ತಿದ್ದಿದ ಇನ್ನೊಂದು ದಾರಿ ಎಎನ್‌ಆರ್‌ಎಫ್. 2023ರ ಕಾಯ್ದೆಯಿಂದ ಹುಟ್ಟಿದ ಈ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ವಿಜ್ಞಾನ ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಹಿಂದಿನ ಮಂಡಳಿಯಾದ ಎಸ್‌ಇಆರ್‌ಬಿಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ವೃತ್ತಿಯ ಆರಂಭದಲ್ಲಿರುವವರಿಗೆ ಎಸ್‌ಇಆರ್‌ಬಿ ಕೊಡುತ್ತಿದ್ದ ಸ್ಟಾರ್ಟ್ ಅಪ್ ಅನುದಾನ ಎರಡು ವರ್ಷಕ್ಕೆ 30 ಲಕ್ಷ ರೂಪಾಯಿಯಾಗಿದ್ದರೆ, ಈಗಿನ ಪ್ರಧಾನಮಂತ್ರಿ ಅರ್ಲಿ ಕರಿಯರ್ ಅನುದಾನ ಮೂರು ವರ್ಷಕ್ಕೆ 60 ಲಕ್ಷದವರೆಗೆ ಇದೆ. ಮೂಲವಿಜ್ಞಾನದ ಪ್ರಶ್ನೆಯನ್ನು ಮೂಲವಿಜ್ಞಾನವಾಗಿಯೇ ಓದುವವರು ಬೇಕಾದರೆ ಇದೇ ಸರಿಯಾದ ಜಾಗ. ಡಿಬಿಟಿ ಮತ್ತು ವೆಲ್ಕಮ್ ಟ್ರಸ್ಟ್ ಒಟ್ಟಾಗಿ 2008ರಿಂದ ನಡೆಸುತ್ತಿರುವ ಇಂಡಿಯಾ ಅಲಯನ್ಸ್ ಫೆಲೋಶಿಪ್ ಇನ್ನೂ ಉದಾರವಾದದ್ದು, ಆದರೆ ಅದು ಯೋಜನೆಯ ಜೊತೆಗೆ ವ್ಯಕ್ತಿಯನ್ನೂ ತೂಗಿ ನೋಡುತ್ತದೆ. ದಿನದ ಬಹುಭಾಗವನ್ನು ಸಂಶೋಧನೆಗೆ ಬಿಟ್ಟುಕೊಡಲು ಕಾಲೇಜು ಒಪ್ಪದಿದ್ದರೆ ವಾರ್ಡಿನ ವೈದ್ಯರಿಗೆ ಅದು ಕಷ್ಟ.

ಇನ್ನು ಹಣದ ಮಾತು. ಮಂಜೂರಾತಿ ಪತ್ರದ ಮೊತ್ತಕ್ಕಿಂತ ಅದು ಒಡೆದು ಬರುವ ಬಗೆಯನ್ನು ನೋಡಿ ಅನುದಾನ ಆರಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಯೋಜನೆಯಲ್ಲಿ ಕೆಲಸ ಮಾಡುವ ಒಬ್ಬ ಕಿರಿಯ ಸಂಶೋಧನಾ ಫೆಲೋಗೆ (ಜೆಆರ್‌ಎಫ್) 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ 42,000. ಮೂರು ವರ್ಷಕ್ಕೆ ಮನೆಬಾಡಿಗೆ ಭತ್ಯೆ ಬಿಟ್ಟೇ ಹದಿನಾಲ್ಕು ಲಕ್ಷದ ಹತ್ತಿರ. ಅಂದರೆ 60 ಲಕ್ಷದ ಯೋಜನೆಯಲ್ಲಿ ಇಬ್ಬರನ್ನು ಇಟ್ಟುಕೊಂಡರೆ ಅರ್ಧದಷ್ಟು ಹಣ ಸಂಬಳಕ್ಕೇ ಹೋಗುತ್ತದೆ. ಆ ಸಂಬಳ ನಿಲ್ಲದಿರಬೇಕಾದರೆ ವರ್ಷದ ಕಂತು ಸಕಾಲಕ್ಕೆ ಬರಬೇಕು, ಕಂತು ಬರಬೇಕಾದರೆ ಹಿಂದಿನ ವರ್ಷದ ಬಳಕೆ ಪ್ರಮಾಣಪತ್ರ 12-ಎ ನಮೂನೆಯಲ್ಲಿ, ಖರ್ಚಿನ ಪಟ್ಟಿಯ ಜೊತೆ, ಸಹಿಯೊಂದಿಗೆ ಹೋಗಿರಬೇಕು. ನನ್ನ ಒಂದು ಯೋಜನೆಯಲ್ಲಿ ಆ ಪತ್ರ ಲೆಕ್ಕವಿಭಾಗದ ಮೇಜಿನ ಮೇಲೆ, ನೀಲಿ ಟೇಪು ಕಟ್ಟಿದ ಕಡತದ ಅಡಿಯಲ್ಲಿ, ಒಂದು ಸಹಿಗಾಗಿ ಏಳು ವಾರ ಕಾಯಿತು. ಆ ಅವಧಿಯಲ್ಲಿ ನಮ್ಮ ಸಂಶೋಧನಾ ಸಹಾಯಕಿಗೆ ಸಂಬಳವಿರಲಿಲ್ಲ. ಆಕೆ ಕೆಲಸ ಬಿಟ್ಟಳು. ರಾತ್ರಿ ಎರಡು ಗಂಟೆಗೆ ಬಂದ ರೋಗಿಯ ಮೂತ್ರದ ಮಾದರಿಯನ್ನು ಹೊತ್ತಿಗೆ ಸರಿಯಾಗಿ ಮಂಜುಗಡ್ಡೆಗೆ ಇಡುವುದನ್ನು ಕಲಿಸಿ ಹೊಸಬರನ್ನು ತಯಾರು ಮಾಡಲು ನಾಲ್ಕು ತಿಂಗಳು ಬೇಕಾಯಿತು. ಅಷ್ಟು ತಿಂಗಳ ದತ್ತಾಂಶದಲ್ಲಿ ಇಂದಿಗೂ ಖಾಲಿ ಮನೆಗಳಿವೆ.

ಖರೀದಿಯಲ್ಲೂ ವ್ಯತ್ಯಾಸವಿದೆ. 2025ರ ಜೂನ್‌ನಲ್ಲಿ ಕೇಂದ್ರವು ತನ್ನ ವೈಜ್ಞಾನಿಕ ಸಂಸ್ಥೆಗಳಿಗೆ ದರಪಟ್ಟಿ ಇಲ್ಲದ ನೇರ ಖರೀದಿಯ ಮಿತಿಯನ್ನು ಒಂದು ಲಕ್ಷದಿಂದ ಎರಡು ಲಕ್ಷಕ್ಕೆ ಏರಿಸಿತು. ಒಳ್ಳೆಯ ಬದಲಾವಣೆ, ಆದರೆ ರಾಜ್ಯದ ಕಾಲೇಜಿನಲ್ಲಿರುವವರು ರಾಜ್ಯದ ಪಾರದರ್ಶಕ ಖರೀದಿ ಕಾಯ್ದೆಯನ್ನೂ ಗಮನದಲ್ಲಿಟ್ಟುಕೊಳ್ಳಬೇಕು. ಹಾಗಾಗಿ ದುಬಾರಿ ಯಂತ್ರ ಬೇಕಾದ ಯೋಜನೆಗಳಲ್ಲಿ ಯಂತ್ರವನ್ನು ಸಹಭಾಗಿ ಸಂಸ್ಥೆಯ ಬಜೆಟ್ಟಿನಲ್ಲಿ ತೋರಿಸಿ, ನಮ್ಮ ಪಾಲಿನಲ್ಲಿ ಸಿಬ್ಬಂದಿ, ರಾಸಾಯನಿಕ ಮತ್ತು ಪ್ರಯಾಣವನ್ನಷ್ಟೇ ಇಟ್ಟುಕೊಳ್ಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಆಸ್ಪತ್ರೆಯಲ್ಲಿ ರೋಗಿಗಳಿದ್ದು ಪ್ರಯೋಗಾಲಯ ದುರ್ಬಲವಾಗಿದ್ದರೆ ಮೊದಲು ವಿಶ್ವವಿದ್ಯಾಲಯದ ಸಣ್ಣ ಹಣ, ಅದರ ದತ್ತಾಂಶ ಹಿಡಿದು ಐಸಿಎಂಆರ್‌ನ ಸಣ್ಣ ಅನುದಾನ ಎಂಬುದು ನನ್ನ ಸ್ಪಷ್ಟ ಸಲಹೆ. ಪ್ರಯೋಗಾಲಯ ಗಟ್ಟಿಯಿದ್ದು ವಯಸ್ಸು ಚಿಕ್ಕದಿದ್ದರೆ ಎಎನ್‌ಆರ್‌ಎಫ್. ಕರೆಯ ವಿಷಯ ನಿಮ್ಮ ಪ್ರಶ್ನೆಗೆ ಹೊಂದಿದಾಗ ಮಾತ್ರ ಡಿಬಿಟಿ. ಬೈರಾಕ್‌ಗೆ ಹೋಗುವುದು ರೋಗಿಗೆ ಇದರಿಂದ ಉಪಯೋಗವಿದೆ ಎಂಬ ಪುರಾವೆ ಕೈಗೆ ಬಂದ ಮೇಲೆ. ಎಲ್ಲಕ್ಕೂ ಮೊದಲು ನೈತಿಕ ಸಮಿತಿಯ ಮುಂದೆ ಹೋಗಿ, ಏಕೆಂದರೆ ಹಣ ಬಂದ ಮೇಲೆ ಆ ಅನುಮತಿಗೆ ಕಾಯುವ ಪ್ರತಿ ತಿಂಗಳೂ ಯೋಜನೆಯ ಅವಧಿಯಿಂದಲೇ ಕಳೆದುಹೋಗುತ್ತದೆ.

ನಮ್ಮ ಆಸ್ಪತ್ರೆ ಅಧ್ಯಯನದಲ್ಲಿ ಈಗ ಮೂರು ತಿಂಗಳ ಬಳಿಕದ ಮರುಭೇಟಿಗಳು ನಡೆಯುತ್ತಿವೆ. ಅರಣ್ಯ ಇಲಾಖೆಗೆ ಈ ಬಾರಿ ಅರ್ಜಿ ಮೊದಲೇ ಹೋಗಿದೆ. ಆ ಅನುಮತಿ ಬಂದ ಮೇಲೆ, ಪಕ್ಕದ ಜಿಲ್ಲೆಯ ಪ್ರಯೋಗಾಲಯವೊಂದನ್ನು ಜೊತೆಗಿಟ್ಟುಕೊಂಡು ವಿಷದ ಪ್ರೋಟೀನುಗಳ ಪ್ರಸ್ತಾವನೆಯನ್ನು ಮತ್ತೆ ಬರೆಯುತ್ತೇನೆ.