12 ಇಂಚಿನ ಗ್ಲೋಬ್: ವಿಮಾನದ ದಾರಿ ಮನೆಯಲ್ಲೇ ಅಳೆಯಬಹುದು

ಉಡುಪಿ ರಥಬೀದಿ ಹತ್ತಿರದ ಪುಸ್ತಕದಂಗಡಿಯಲ್ಲಿ ಈ ಗ್ಲೋಬ್ ತಗೊಂಡೆ. ಬೆಲೆ ಸಾವಿರದ ಚಿಲ್ಲರೆ. ನಮ್ಮ ಕಡೆ ಮಕ್ಕಳು ಪರದೇಶದಲ್ಲಿರುವ ಮನೆಗಳೇ ಜಾಸ್ತಿ ಅಲ್ವಾ, ಅಂಥ ಮನೆಯಲ್ಲೆಲ್ಲ ಇದೊಂದು ಇರಬೇಕು.

ಗ್ಲೋಬಿನ ಸುತ್ತಳತೆ ಸುಮಾರು 96 ಸೆಂ.ಮೀ. ಭೂಮಿಯದ್ದು ಸುಮಾರು 40,000 ಕಿ.ಮೀ. ಅಂದರೆ ಇಲ್ಲಿಯ 1 ಸೆಂ.ಮೀ.ಗೆ ಅಲ್ಲಿ ಹತ್ತಿರ ಹತ್ತಿರ 420 ಕಿ.ಮೀ. ಹೊಲಿಗೆ ದಾರ, ಒಂದು ಸ್ಕೇಲ್ ಇದ್ದರೆ ಸಾಕು.

ಮೊದಲು ಮಂಗಳೂರಿನಿಂದ ಮಗನಿರುವ ದುಬೈಗೆ ಅಳೆದೆ. ದಾರ 6 ಸೆಂ.ಮೀ.ಗೆ ಚೂರು ಕಡಿಮೆ ಬಂತು. ಅಂದರೆ 2,450 ಕಿ.ಮೀ. ಆಸುಪಾಸು. ಗಂಟೆಗೆ 850 ಕಿ.ಮೀ. ಅಂತ ಹಿಡಿದು, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ಮೂರೂವರೆ ಗಂಟೆ ಆಗುತ್ತದೆ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ಹೊರಡುವ ವಿಮಾನಕ್ಕೆ ಹೆಚ್ಚುಕಮ್ಮಿ ಅಷ್ಟೇ ಹಿಡಿಯುವುದು. ಟಿಕೆಟ್‌ನಲ್ಲಿ ಮಾತ್ರ ಹೋಗುವಾಗ ಎರಡು ಗಂಟೆ, ಬರುವಾಗ ಐದು ಗಂಟೆ ಅಂತ ಕಾಣುತ್ತದೆ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಅದಕ್ಕೆ.

ನಿಜವಾದ ಖುಷಿ ಸಿಕ್ಕಿದ್ದು ಮಗಳ ಊರು ಸ್ಯಾನ್ ಫ್ರಾನ್ಸಿಸ್ಕೋ ಅಳೆದಾಗ. ಪಕ್ಕದ್ಮನೆ ಅಕ್ಕ ದಾರದ ಒಂದು ತುದಿ ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಪೂರ್ವಕ್ಕೆ ಎಳೆದು, ಹವಾಯಿ ಮೇಲಿಂದ ದಾಟಿಸಿದರು. ಗೋಡೆಯ ನಕ್ಷೆ ನೋಡಿದವರು ಯಾರಾದರೂ ಹಾಗೇ ಮಾಡುತ್ತಾರೆ. 40 ಸೆಂ.ಮೀ. ಬಂತು. "ಅಕ್ಕಾ, ದಾರ ಸ್ವಲ್ಪ ಬಿಗಿ ಮಾಡಿ" ಅಂದೆ. ಬಿಗಿ ಮಾಡಿದ ಹಾಗೆ ದಾರ ತಾನಾಗಿ ಮೇಲಕ್ಕೆ ಜಾರಿತು. ಚೀನಾ, ಮಂಗೋಲಿಯಾ, ಸೈಬೀರಿಯಾ ದಾಟಿ, ಅಲಾಸ್ಕಾ ಮೇಲಿಂದ ಇಳಿದು ನಿಂತಿತು. ಈಗ ಮೂವತ್ತಮೂರೂವರೆ ಸೆಂ.ಮೀ. ಸುಮಾರು 14,000 ಕಿ.ಮೀ. ಹೀಗೆ ಉಳಿತಾಯವಾದ ದೂರವೇ ಮಂಗಳೂರು–ದುಬೈಗಿಂತ ಜಾಸ್ತಿ! 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಿಳಿದರು. ಸುಮಾರು 17 ಗಂಟೆ ಹಿಡಿಯಿತು. ಪೇಪರಿನಲ್ಲಿ ಓದಿದಾಗ ಅಷ್ಟು ಮೇಲೆ ಯಾಕೆ ಹೋದರು ಅಂತ ಹೊಳೆದಿರಲಿಲ್ಲ. ದಾರ ಒಂದೇ ನಿಮಿಷದಲ್ಲಿ ತೋರಿಸಿತು.

ಕೊರತೆಯೂ ಇದೆ. ಮಂಗಳೂರಿನ ಹೆಸರೇ ಇಲ್ಲ. ಕರಾವಳಿ ಗೆರೆ ನೋಡಿ ನಾನೇ ಪೆನ್ನಿನಲ್ಲಿ ಚುಕ್ಕಿ ಇಟ್ಟೆ. ಕಾಲು ಪ್ಲಾಸ್ಟಿಕ್ಕಿನದು, ಹಗುರ. ದಾರ ಎಳೆಯುವಾಗ ಇನ್ನೊಬ್ಬರು ಹಿಡಿದುಕೊಳ್ಳಬೇಕು. ಗಾಳಿಯ ಲೆಕ್ಕವನ್ನೂ ಇದು ಹೇಳುವುದಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಜೋರು ಗಾಳಿ ಬೆನ್ನಿಗೆ ಸಿಕ್ಕರೆ ದುಬೈಯಿಂದ ಬರುವಾಗ ಸ್ವಲ್ಪ ಬೇಗ ಮುಟ್ಟುತ್ತೇವೆ. ಇನ್ನು ಉಡುಪಿಯಿಂದ ಬಜ್ಪೆಗೆ ಒಂದೂವರೆ ಗಂಟೆ, ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಅದನ್ನೆಲ್ಲ ನೀವೇ ಕೂಡಿಸಿಕೊಳ್ಳಿ.

ಅಂಗಡಿಯಲ್ಲಿ 8 ಇಂಚಿನದೂ ಇದೆ, ಬೆಲೆಯೂ ಕಡಿಮೆ. ಅದು ಬೇಡ. ಅದರಲ್ಲಿ ದಾರ 1 ಮಿ.ಮೀ. ಆಚೀಚೆ ಆದರೂ 60 ಕಿ.ಮೀ. ತಪ್ಪುತ್ತದೆ.