ಕ್ಲಚ್ ಕೇಬಲ್ಲಿಗೆ ತೆಂಗಿನೆಣ್ಣೆ ಬಿಡಬೇಡಿ

ಬೈಕಿನ ಕ್ಲಚ್ ಕೇಬಲ್ಲಿಗೆ ಮನೆಯಲ್ಲೇ ಎಣ್ಣೆ ಬಿಡುವವರು ಯಾವ ಎಣ್ಣೆ ಬಿಡುತ್ತಿದ್ದೇವೆಂದು ಒಮ್ಮೆ ನೋಡಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಬಿಟ್ಟದ್ದು ತೆಂಗಿನೆಣ್ಣೆ.

ಬಾಗಿಲ ತಿರುಗಣಿ ಕಿರುಗುಟ್ಟಿದರೂ, ಹೊಲಿಗೆ ಯಂತ್ರ ಬಿಗಿಯಾದರೂ ನಮ್ಮ ಮನೆಯಲ್ಲಿ ಅದೇ ಮದ್ದು. ಹಾಗಾಗಿ ನವೆಂಬರಿನಲ್ಲಿ ನನ್ನ 100 ಸಿ.ಸಿ. ಬೈಕಿನ ಕ್ಲಚ್ ಗಟ್ಟಿಯಾದಾಗಲೂ ಲಿವರಿನ ಕಡೆಯ ತುದಿಯಿಂದ ಅದನ್ನೇ ಸಿರಿಂಜಿನಲ್ಲಿ ಇಳಿಸಿದೆ. ಉಜಿರೆಯ ಸೆಕೆಗೆ ನೀರಿನಂತಿದ್ದ ಎಣ್ಣೆ ಸಲೀಸಾಗಿ ಒಳಗಿಳಿದು, ಎರಡೇ ಬೆರಳಿಗೆ ಕ್ಲಚ್ ಬರುವಂತಾಯಿತು. ಆ ಹುರುಪಿನಲ್ಲಿ ಪ್ರತಿ ಭಾನುವಾರ ನಾಲ್ಕು ಹನಿ ಸೇರಿಸುತ್ತಾ ಬಂದೆ.

ಜನವರಿಯ ಒಂದು ಮುಂಜಾನೆ ಚಿಕ್ಕಮಗಳೂರಿಗೆ ಹೊರಟಾಗ, ಲಿವರ್ ಹಿಡಿದು ಬಿಟ್ಟರೆ ಅದು ಪೂರ್ತಿ ಮರಳದೆ ಸಡಿಲವಾಗಿ ತೂಗಾಡಿತು. ಕೇಬಲ್ ಹಿಗ್ಗಿರಬೇಕೆಂದು ನಾನೇ ತೀರ್ಮಾನಿಸಿ, ಅಡ್ಜಸ್ಟರ್ ತಿರುಗಿಸಿ ಬಿಗಿ ಮಾಡಿದೆ. ಎಣ್ಣೆಗಿಂತ ದೊಡ್ಡ ತಪ್ಪು ಅದು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆಂಬುದು, ಚಳಿಗಾಲದಲ್ಲಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟು ಕಾಯುವ ನನಗೆ ತಿಳಿಯದ ಸಂಗತಿಯೇನಲ್ಲ. ಆದರೆ ಕೇಬಲ್ಲಿನ ಹೊರಕವಚದೊಳಗೂ ಅದು ಹಾಗೆಯೇ ಆದೀತೆಂದು ಹೊಳೆಯಲಿಲ್ಲ. ಒಳತಂತಿ ಅಂಟಿಕೊಂಡು ನಿಂತಿದ್ದರಿಂದ ಲಿವರ್ ಸಡಿಲವಾಗಿ ಕಂಡಿತ್ತೇ ಹೊರತು ಕೇಬಲ್ ಹಿಗ್ಗಿರಲಿಲ್ಲ. ಇರಲೇಬೇಕಾದ ಅಲ್ಪ ಸಡಿಲವನ್ನೂ ನಾನು ಕಿತ್ತುಕೊಂಡದ್ದರಿಂದ, ಲಿವರಿನಿಂದ ಕೈ ತೆಗೆದ ಮೇಲೂ ಅರ್ಧ ಕ್ಲಚ್ ಹಿಡಿದು ಓಡಿಸಿದಂತೆಯೇ ಆಯಿತು.

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಥ್ರಾಟಲ್ ತಿರುಗಿಸಿದಷ್ಟೂ ಎಂಜಿನ್ ಅರಚಿತು, ಗಾಡಿ ಮಾತ್ರ ಏರಲಿಲ್ಲ. ಸುಟ್ಟ ವಾಸನೆ ಬಂದಾಗಲೇ ನಿಲ್ಲಿಸಬೇಕಿತ್ತು; ನಿಲ್ಲಿಸದೆ ಹೇಗೋ ಕೊಟ್ಟಿಗೆಹಾರ ಮುಟ್ಟಿದೆ. ಅಲ್ಲಿಯ ಮೆಕ್ಯಾನಿಕ್ ಒಳತಂತಿಯನ್ನು ಎಳೆದು ತೆಗೆದಾಗ, ಆರಿದ ಮೇಣದಂಥ ಬೂದುಬಣ್ಣದ ಜಿಡ್ಡು ಅದಕ್ಕೆ ಉದ್ದಕ್ಕೂ ಮೆತ್ತಿಕೊಂಡಿತ್ತು. ಚಿಟಿಕೆಯಷ್ಟನ್ನು ಬೆರಳಲ್ಲಿ ಉಜ್ಜಿದ ಕೂಡಲೇ ಅದು ಕರಗಿತು. ಮೂಸಿ ನೋಡಿ, “ಗಾಡಿಗೆ ಒಗ್ಗರಣೆ ಹಾಕಿದ್ರಾ ಸಾರ್?” ಎಂದರು. ಕ್ಲಚ್ ಪ್ಲೇಟುಗಳು ಕರಕಲಾಗಿದ್ದವು, ಅವುಗಳ ಪುಡಿ ಎಂಜಿನ್ ಆಯಿಲಿಗೂ ಬೆರೆತಿತ್ತು. ಪ್ಲೇಟು, ಕೇಬಲ್, ಆಯಿಲ್ ಎಲ್ಲವನ್ನೂ ಬದಲಿಸಿ ಎರಡು ಸಾವಿರ ರೂಪಾಯಿಯ ಹತ್ತಿರ ತೆತ್ತೆ. ಕಾಯುವಾಗ ತಿಂದ ನೀರುದೋಸೆ ಒಂದೇ ಆ ದಿನದ ಲಾಭ.

ಈಗ ನಾನು ಬಳಸುವುದು ತೆಳುವಾದ ಎಂಜಿನ್ ಆಯಿಲ್ ಮಾತ್ರ. ಅಡ್ಜಸ್ಟರನ್ನು ಸಡಿಲಿಸಿ, ಅದರ ಸೀಳನ್ನು ಲಿವರಿನ ಸೀಳಿನ ನೇರಕ್ಕೆ ತಂದರೆ ತಂತಿಯ ತುದಿಯಲ್ಲಿರುವ ಲೋಹದ ಗುಂಡು ಹೊರಬರುತ್ತದೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಕತ್ತರಿಸಿ, ಕವಚದ ತುದಿಗೆ ಇನ್ಸುಲೇಷನ್ ಟೇಪಿನಿಂದ ಸುತ್ತಿದರೆ ಒಳ್ಳೆಯ ಆಲಿಕೆಯಾಗುತ್ತದೆ. ಅದರಲ್ಲಿ ಒಂದಿಷ್ಟು ಆಯಿಲ್ ಹಾಕಿ, ತಂತಿಯನ್ನು ಆಗಾಗ ಮೇಲೆ ಕೆಳಗೆ ಆಡಿಸುತ್ತಾ, ಕೆಳತುದಿಯಲ್ಲಿ ಹನಿ ಕಾಣುವವರೆಗೆ, ಬೇಕಾದರೆ ರಾತ್ರಿಯಿಡೀ ಬಿಡಬೇಕು. ಗಟ್ಟಿ ಗ್ರೀಸನ್ನು ಕವಚದೊಳಗೆ ತುರುಕಬೇಡಿ, ಅದು ಧೂಳನ್ನು ಹಿಡಿದು ಕಟ್ಟಿಕೊಳ್ಳುತ್ತದೆ. ಗುಂಡು ಕೂರುವ ಜಾಗಕ್ಕೆ ಸ್ವಲ್ಪ ಸವರಿದರೆ ಸಾಕು. ಒಳಗೆ ನೈಲಾನ್ ಪದರವಿರುವ ಕೆಲವು ಕೇಬಲ್ಲುಗಳಿಗೆ ಎಣ್ಣೆಯೇ ಸಲ್ಲದು, ಆದ್ದರಿಂದ ಗಾಡಿಯ ಕೈಪಿಡಿಯನ್ನು ಮೊದಲು ನೋಡಿ.

ಮರಳಿ ಜೋಡಿಸಿದ ಮೇಲೆ ಲಿವರಿನ ತುದಿಯಲ್ಲಿ ಕೈಪಿಡಿ ಹೇಳುವಷ್ಟು ಸಡಿಲ ಇರಲೇಬೇಕು. ನನ್ನ ಗಾಡಿಗೆ ಅದು 10ರಿಂದ 20 ಮಿಲಿಮೀಟರ್. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗಲೂ ಅದು ಮಾಯವಾಗಬಾರದು. ಗುಂಡಿನ ಬುಡದಲ್ಲಿ ಒಂದೇ ಒಂದು ಎಳೆ ಹರಿದಿದ್ದರೂ ಆ ಕೇಬಲ್ಲಿಗೆ ಎಣ್ಣೆ ಬಿಟ್ಟು ಫಲವಿಲ್ಲ, ಹೊಸದನ್ನು ಹಾಕಿಸಿಯೇ ಘಾಟಿ ಹತ್ತಿ.