ಹಕ್ಕಿ ಚಿತ್ರಕ್ಕೆ ಹಗುರ ಆಸರೆ: ಮೊನೊಪಾಡ್, ಕಾಳಿನ ಚೀಲ, ಹಗ್ಗ

ಕೋಡಿಬೆಂಗ್ರೆಯ ಅಳಿವೆಯಲ್ಲಾಗಲಿ, ಮಣಿಪಾಲದ ಮಣ್ಣಪಳ್ಳ ಕೆರೆಯ ದಂಡೆಯಲ್ಲಾಗಲಿ, ಹಕ್ಕಿಯ ಬೆನ್ನು ಹತ್ತಿ ನಡೆಯುವವರಿಗೆ ಟ್ರೈಪಾಡ್ ಹೊರೆಯೇ. ಅದರ ಕಾಲು ಬಿಡಿಸುವಷ್ಟರಲ್ಲಿ ಮಿಂಚುಳ್ಳಿ ಹಾರಿರುತ್ತದೆ. ಕಡಿಮೆ ಖರ್ಚಿನ ಆಸರೆಗಳಲ್ಲಿ ಮೊದಲು ಕೊಳ್ಳಬೇಕಾದದ್ದು ಅಲ್ಯೂಮಿನಿಯಂ ಮೊನೊಪಾಡ್, ಅಂದರೆ ಎಳೆದು ಉದ್ದ ಮಾಡುವ ಒಂಟಿಕಾಲಿನ ಕೋಲು.

ಅಂಗಡಿಯಲ್ಲೇ ಅದನ್ನು ಪೂರ್ತಿ ಎಳೆದು, ಲಾಕ್ ಬಿಗಿದು, ಮೇಲಿನಿಂದ ಅಂಗೈಯಲ್ಲಿ ಬಲವಾಗಿ ಒತ್ತಿ ನೋಡಿ. ಅಗ್ಗದವು ಸೋಲುವುದೇ ಇಲ್ಲಿ: ಕೊಳವೆ ಮೆಲ್ಲಗೆ ಒಳಗೆ ಜಾರುತ್ತದೆ. ಜೊತೆಗೆ ಕೊಡುವ ಸಣ್ಣ ಬಾಲ್ ಹೆಡ್ (ಕ್ಯಾಮೆರಾ ಕೂರಿಸುವ, ಎತ್ತ ಬೇಕಾದರೂ ತಿರುಗುವ ಗುಂಡು ತಲೆ) ಬೇಡ; ಉದ್ದ ಲೆನ್ಸಿನ ಭಾರಕ್ಕೆ ಅದು ವಾಲುತ್ತದೆ. ಲೆನ್ಸಿನ ಕಾಲರಿಗೇ, ಅಂದರೆ ಅದನ್ನು ಸುತ್ತಿ ಹಿಡಿದ ಬಳೆಯ ಪಾದಕ್ಕೇ, ನೇರವಾಗಿ ತಿರುಪಿ. ಎತ್ತರ ಬೇಕಾದಾಗ ಮೇಲಿನ ದಪ್ಪ ಕೊಳವೆಗಳನ್ನು ಮೊದಲು ಎಳೆಯಿರಿ, ತುದಿಯ ತೆಳುವಾದದ್ದು ಬಳುಕುತ್ತದೆ.

ಮೊನೊಪಾಡ್ ಮೇಲೆ-ಕೆಳಗಿನ ಅಲುಗಾಟವನ್ನು ಚೆನ್ನಾಗಿ ತಡೆಯುತ್ತದೆ, ಅಡ್ಡ ಓಲಾಟವನ್ನು ಅಷ್ಟಾಗಿ ಅಲ್ಲ. ಅದಕ್ಕೇ ಕೋಲನ್ನು ಒಂದು ಹೆಜ್ಜೆ ಮುಂದೆ ಊರಿ, ಎರಡು ಪಾದಗಳನ್ನು ಅಗಲಿಸಿ, ಮೈಯನ್ನು ತುಸು ಮುಂದಕ್ಕೆ ಬಾಗಿಸಬೇಕು. 400 ಮಿ.ಮೀ. ಲೆನ್ಸ್ 1.5 ಕ್ರಾಪ್ ಸೆನ್ಸರಿನಲ್ಲಿ (ಫುಲ್ ಫ್ರೇಮಿಗಿಂತ ಒಂದೂವರೆ ಪಟ್ಟು ಚಿಕ್ಕದು) 600 ಮಿ.ಮೀ.ನಷ್ಟು ನೋಟ ಕೊಡುವುದರಿಂದ ಬರಿಗೈಗೆ ಸುಮಾರು 1/600 ಸೆಕೆಂಡಿನ ಶಟರ್ ವೇಗ ಬೇಕು. ಕೂತ ಹಕ್ಕಿಗೆ ಮೊನೊಪಾಡಿನಲ್ಲಿ 1/250 ಸಾಕಾದೀತು. ಹಾರುವ ಗರುಡನಿಗೆ ಈ ಲೆಕ್ಕ ನಡೆಯದು. ರೆಕ್ಕೆಯ ಚಲನೆಯನ್ನು ಯಾವ ಆಸರೆಯೂ ನಿಲ್ಲಿಸುವುದಿಲ್ಲ, 1/1600ಕ್ಕಾದರೂ ಏರಿಸಿ.

ಎಂಜಿನ್ ಓಡುವ ದೋಣಿಯ ಹಲಗೆಗೆ ಕೋಲು ಊರಬೇಡಿ, ನಡುಕ ಸೀದಾ ಲೆನ್ಸಿಗೆ ಏರುತ್ತದೆ. ಕಡಲತೀರದಿಂದ ಬಂದ ದಿನವೇ ಸಿಹಿನೀರಲ್ಲಿ ತೊಳೆದು, ಕೊಳವೆ ಎಳೆದಿಟ್ಟೇ ಒಣಗಿಸಿ. ಲಾಕಿನೊಳಗೆ ಉಳಿದ ಮರಳು ಕೊಳವೆಯನ್ನು ಕೆರೆಯುತ್ತದೆ, ಉಪ್ಪು ತಿರುಪುಗಳಿಗೆ ತುಕ್ಕು ಹಿಡಿಸುತ್ತದೆ.

ಕಾರಿನ ಕಿಟಕಿ ಅಥವಾ ಗೋಡೆ ಸಿಕ್ಕಲ್ಲಿ ಲೆನ್ಸಿನಡಿ ಇಡುವ ಕಾಳಿನ ಚೀಲವೇ ಮೇಲು. ಕಾರಿನ ಎಂಜಿನ್ ಮಾತ್ರ ಆರಿಸಿರಬೇಕು. ಹಳೆ ಜೀನ್ಸ್ ಕಾಲನ್ನು ಹೊಲಿದು, ಒಂದು ಕಡೆ ಜಿಪ್ ಹಾಕಿಸಿ, ಸುಮಾರು ಒಂದೂವರೆ ಕಿಲೋ ಹೆಸರುಕಾಳು ತುಂಬಿ. ಪೂರ್ತಿ ತುಂಬಿದರೆ ಲೆನ್ಸ್ ಕೂರುವುದಿಲ್ಲ, ಮುಕ್ಕಾಲು ಸಾಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಕ್ಕಿಯಾಗಲಿ ಕಾಳಾಗಲಿ ಬೂಸ್ಟು ಹಿಡಿಯುತ್ತದೆ, ಹುಳವೂ ಆಗುತ್ತದೆ. ಜೂನಿಗೆ ಮೊದಲೇ ಖಾಲಿ ಮಾಡಿ. ತಣ್ಣೀರುಬಾವಿಯ ಮರಳು ಪುಕ್ಕಟೆ ಸಿಗುತ್ತದೆಂದು ತುಂಬಬೇಡಿ: ನೂಲಿನ ಸಂದಿಯಿಂದ ಸೋರಿ ಫೋಕಸ್ ರಿಂಗಿಗೆ ಸೇರುತ್ತದೆ.

ಹಗ್ಗದ ಆಸರೆ ಜೇಬಿನಲ್ಲೇ ಹಿಡಿಯುತ್ತದೆ. ಕ್ಯಾಮೆರಾದ ತಳದ ತೂತಿಗೆ ತಿರುಪುವ ಬೋಲ್ಟಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಮೆಟ್ಟಿ, ಕ್ಯಾಮೆರಾವನ್ನು ಮೇಲಕ್ಕೆ ಜಗ್ಗಿ ಹಿಡಿಯಬೇಕು. ನೈಲಾನ್ ಹಿಗ್ಗುತ್ತದೆ, ಹೆಣೆದ ಪಾಲಿಯೆಸ್ಟರ್ ಕೊಳ್ಳಿ. ಹಗ್ಗವನ್ನು ಎರಡೆಳೆ ಮಾಡಿ ಎರಡೂ ಪಾದಗಳ ಕೆಳಗೆ ತ್ರಿಕೋನವಾಗಿ ಹಾಯಿಸಿದರೆ ಅಡ್ಡ ಓಲಾಟವೂ ತಗ್ಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಂಚಿನ, ಇಂಚಿಗೆ 20 ಎಳೆಯ (ತಿರುಪಿನ ಸುತ್ತಿನ) ಬೋಲ್ಟನ್ನೇ ಕೇಳಿ. 6 ಮಿ.ಮೀ. ಬೋಲ್ಟ್ ನೋಡಲು ಹಾಗೇ ಇದ್ದರೂ ಎಳೆಯ ಅಂತರ ಬೇರೆ, ಬಲವಂತವಾಗಿ ತಿರುಗಿಸಿದರೆ ಕ್ಯಾಮೆರಾದ ತಳದ ಎಳೆ ಹಾಳಾಗುತ್ತದೆ. ನಟ್ ಮತ್ತು ವಾಷರ್ ಹಾಕಿ ಹೊರಗೆ 4 ಮಿ.ಮೀ.ನಷ್ಟೇ ಉಳಿಸಿ, ಉದ್ದವಾದರೆ ತಳ ಮುಟ್ಟಿ ಒಳಗಿನ ಭಾಗಕ್ಕೆ ಪೆಟ್ಟು.